ಗಿರಾಕಿಯ ಸೋಫಾ

ನಮ್ಮ ಮನೆಗೆ ಹೊಸದಾಗಿ ಬಂದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಸೋಫಾಗಳು. ಮಖಮಲ್ಲಿನವು, ಚರ್ಮದವು, ಕೆತ್ತನೆಯ ಕಾಲಿನವು. ಇವರೇನು ಕುಬೇರನ ನೆಂಟರೋ ಎಂದು ಬೆರಗಾಗಿ ಹತ್ತಿರದ್ದೊಂದರ ಮೇಲೆ ಕೂರಲು ಹೋಗುತ್ತಾರೆ. ಆಗ ಮನೆಮಂದಿಯೆಲ್ಲ ಒಟ್ಟಿಗೆ "ಅಲ್ಲಿ ಬೇಡ!" ಎಂದು ಕೂಗುತ್ತೇವೆ.

ಅವೆಲ್ಲ ಗಿರಾಕಿಗಳವು. ನಮ್ಮದು ಕುಶನ್ ಕೆಲಸ. ಹರಿದು ಕುಸಿದ ಸೋಫಾಗಳನ್ನು ಭಾವ ವ್ಯಾನಿನಲ್ಲಿ ತರುತ್ತಾರೆ. ಅಕ್ಕ ಅವುಗಳ ಹಳೆಯ ಬಟ್ಟೆ ಸುಲಿದು, ಸ್ಪ್ರಿಂಗು ಬಿಗಿದು, ಹೊಸ ಫೋಮ್ ಕೂರಿಸುತ್ತಾಳೆ. ನಾನು ಮೇಲಿನ ಬಟ್ಟೆ ಹೊಲಿಯುತ್ತೇನೆ. ಬೀದಿಯ ಕಡೆಯ ಕೋಣೆಯೇ ಅಂಗಡಿ, ಅದೇ ನಮ್ಮ ನಡುಮನೆ. ನಾವು ಕೂರುವುದು ಫೋಮ್ ಚೂರುಗಳ ಮೂಟೆಯ ಮೇಲೆ, ಇಲ್ಲವೆ ನೆಲದ ಮೇಲೆ. ಒಂದು ಸ್ಟೂಲಿದೆ; ಅದರ ಕಾಲೊಂದು ಗಿಡ್ಡ, ಅದು ಭಾವನಿಗೆ ಮಾತ್ರ ಬಗ್ಗುತ್ತದೆ, ಬೇರೆಯವರನ್ನು ಉರುಳಿಸುತ್ತದೆ. ಗಿರಾಕಿ ಬಂದರೆ ಅಲ್ಲಿಂದಲೂ ಎದ್ದು ನಿಲ್ಲುತ್ತೇವೆ.

ಹೊಸ ಬಟ್ಟೆ ಹೊದಿಸಿದ ಸೋಫಾದ ಮೇಲೆ ಮೊದಲು ಕೂರಬೇಕಾದದ್ದು ಅದರ ಯಜಮಾನರು. ಇದು ಅಕ್ಕನ ಕಟ್ಟಪ್ಪಣೆ. ಸರಿಯಾಗಿದೆಯೇ ಎಂದು ಅವಳೇ ಅಂಗೈಯಿಂದ ಒತ್ತಿ ನೋಡುತ್ತಾಳೆಯೇ ಹೊರತು ಕೂತು ನೋಡುವುದಿಲ್ಲ. ಅವಳ ಒಬ್ಬಳೇ ಮಗಳು ಅಂಬೆಗಾಲಿಡುವಾಗ ಒಂದು ಸೋಫಾ ಹತ್ತಿ ಕುಳಿತು ಚಪ್ಪಾಳೆ ತಟ್ಟಿದ್ದಳು. ಅಕ್ಕನ ಕಣ್ಣು ನೋಡಿದವಳು ಮತ್ತೆಂದೂ ಹತ್ತಲಿಲ್ಲ. ಆ ಮಗಳನ್ನು ನಾವು ಕರೆಯುವುದು ಸೂಜಿ ಎಂದು. ಮೈಯೂ ಹಾಗೇ, ಮಾತೂ ಹಾಗೇ.

ಈ ಸೂಜಿಗೆ ಅಮೆರಿಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಹಟ ಹಿಡಿಯಿತು. ಹೊರದೇಶದ ಮಕ್ಕಳಿಗೂ ಓದು, ಊಟ, ವಸತಿಯ ಖರ್ಚನ್ನೆಲ್ಲ ಆ ಕಾಲೇಜೇ ಹೊರುತ್ತದಂತೆ. ಆದರೆ ಕೆಲವರಿಗೆ ಮಾತ್ರ. ಬರೀ ಸೀಟು ಸಿಕ್ಕಿ ನೆರವು ಸಿಗದಿದ್ದರೆ ಆ ಸೀಟನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅಷ್ಟೆ. ನೆರವು ಪೂರ್ತಿ ಬಂದರೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೀದಿಯ ಕೊನೆಯಲ್ಲಿ, ಮಹಡಿಯ ಮೇಲೆ, ಮಕ್ಕಳನ್ನು ಹೊರದೇಶಕ್ಕೆ ಕಳಿಸಲು ದಾರಿ ತೋರಿಸುವ ಒಬ್ಬ ಸಲಹೆಗಾರನಿದ್ದಾನೆ. ಅವನ ಆಫೀಸಿನ ಕುರ್ಚಿಗಳಿಗೆಲ್ಲ ನಾವು ಹೊಸ ರೆಕ್ಸಿನ್ ಹೊದಿಸಿಕೊಡುವುದು, ಅವನು ಸೂಜಿಗೆ ಸಲಹೆ ಕೊಡುವುದು ಎಂದು ಮಾತಾಯಿತು. ಕುರ್ಚಿಗಳು ಚೆನ್ನಾಗಿಯೇ ಬಂದವು. ಸಲಹೆಯ ಮಾತು ಬೇರೆ.

"ಅಲ್ಲಿಗೆ ಅರ್ಜಿ ಹಾಕೋರೆಲ್ಲ ಚೆನ್ನಾಗಿ ಓದೋರೇ," ಎಂದ ಅವನು, ನಮ್ಮನ್ನೆಲ್ಲ ಕೂರಿಸಿಕೊಂಡು. "ನಿನ್ನ ಪ್ರಬಂಧ ಓದಿದವರ ಕಣ್ಣಲ್ಲಿ ನೀರು ಬರ್ಬೇಕು. ಮನೇಲಿ ಏನಾದ್ರೂ ದುರಂತ ಆಗಿದ್ಯಾ?"

ಅಕ್ಕ ಬೆರಳು ಮಡಚಿ ಒಂದೊಂದೇ ವರ್ಷ ನೆನಪು ಮಾಡಿಕೊಳ್ಳತೊಡಗಿದಳು.

"ಅಪ್ಪನಿಗೆ ಕಾಯಿಲೆ ಗೀಯಿಲೆ?"

"ಹೋದ ವರ್ಷ ಬೆನ್ನು ಹಿಡ್ಕೊಂಡಿತ್ತು," ಎಂದರು ಭಾವ, ತಮ್ಮಿಂದ ತಪ್ಪಾಯಿತೇನೋ ಎಂಬ ದನಿಯಲ್ಲಿ. "ಈಗ ಪರವಾಗಿಲ್ಲ."

ಸಲಹೆಗಾರನ ಮುಖ ಬಾಡಿತು. ಭಾವ ಗಟ್ಟಿಮುಟ್ಟಾಗಿರುವುದು ಅವನಿಗೆ ಮಾಡಿದ ಅನ್ಯಾಯವೇ ಇರಬೇಕು.

ಸೂಜಿ ಕಣ್ಣೀರಿನ ಗೋಜಿಗೆ ಹೋಗಲಿಲ್ಲ. ಸೋಫಾದೊಳಗೆ ಸ್ಪ್ರಿಂಗುಗಳನ್ನು ಒಂದಕ್ಕೊಂದು ಹುರಿಯಿಂದ ಬಿಗಿಯುತ್ತೇವಲ್ಲ, ಯಾರಾದರೂ ಒಂದು ಮೂಲೆಯಲ್ಲಿ ಕೂತರೂ ಭಾರ ಎಲ್ಲದರ ಮೇಲೂ ಹರಡುತ್ತದಲ್ಲ, ಅದು ಹೇಗೆಂದು ಬರೆದಳು. ಭಾವ ತಮ್ಮ ಸಂಪಾದನೆಯ ಕಾಗದಗಳನ್ನು ಇದ್ದದ್ದು ಇದ್ದ ಹಾಗೆ ಕೊಟ್ಟರು. ಸಲಹೆಗಾರ ಅರೆಮನಸ್ಸಿನಿಂದ ಎಲ್ಲವನ್ನೂ ಕಳಿಸಿದ.

ಕಾಲೇಜಿನಿಂದ ಉತ್ತರ ಬಂತು. ಅಲ್ಲಿ ಹಿಂದೆ ಓದಿದವರೊಬ್ಬರು ಸೂಜಿಯನ್ನು ವಿಡಿಯೋದಲ್ಲಿ ಮಾತಾಡಿಸುತ್ತಾರೆ, ಆಮೇಲೆ ತಮ್ಮ ಅಭಿಪ್ರಾಯ ಕಾಲೇಜಿಗೆ ಬರೆಯುತ್ತಾರೆ ಎಂದು. ಅವರಿಗೆ ಬೆಳಗು, ನಮಗೆ ಸಂಜೆ.

ಆ ದಿನ ಅಕ್ಕ ಮಧ್ಯಾಹ್ನದಿಂದಲೇ ಕೆಲಸ ನಿಲ್ಲಿಸಿದಳು. ಫೋಮ್ ಮೂಟೆಗಳನ್ನು ಹಿತ್ತಲಿಗೆ ಸಾಗಿಸಿದಳು. ಹರಿದ ಸೋಫಾಗಳನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಆಗಷ್ಟೇ ಮುಗಿದಿದ್ದ, ದ್ರಾಕ್ಷಿ ಬಣ್ಣದ ಮಖಮಲ್ಲಿನ ದೊಡ್ಡ ಸೋಫಾವನ್ನು ನಡುವೆ ಎಳೆಸಿ ಅದರ ಎದುರು ಲ್ಯಾಪ್‌ಟಾಪ್ ಇಟ್ಟಳು.

"ಅಮ್ಮಾ, ಇದು ಡಾಕ್ಟರಮ್ಮನ ಸೋಫಾ," ಎಂದಳು ಸೂಜಿ.

"ಗೊತ್ತು. ಕೂತ್ಕೋ."

"ಅವರಿನ್ನೂ ಕೂತಿಲ್ಲ."

"ದೊಡ್ಡೋರು ಮಾತಾಡಿಸ್ತಾರೆ. ಮನೇಲಿ ಒಂದು ಕುರ್ಚಿನೂ ಇಲ್ಲದವರ ಮಗಳು ಅಂದ್ಕೊಳ್ಳಲ್ವಾ? ಕೂತ್ಕೋ ಅಂದೆ."

ನನ್ನ ಅಕ್ಕ ತನ್ನ ಕಟ್ಟಪ್ಪಣೆಯನ್ನು ತಾನೇ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸೂಜಿ ಸೋಫಾದ ಅಂಚಿನಲ್ಲಿ ಕೂತಳು. ಅವಳೂ ಪರದೆಯಲ್ಲಿ ಬಂದವರೂ ಸ್ಪ್ರಿಂಗಿನ ವಿಚಾರವನ್ನೇ ಬಹಳ ಹೊತ್ತು ಮಾತಾಡಿದರು. ಕೊನೆಗೆ ಆ ಮಹಾಶಯರು, ನಿಮ್ಮ ಮನೆ ಎಷ್ಟು ಸೊಗಸಾಗಿದೆ ಎಂದರಂತೆ. ಸೂಜಿ ಅದನ್ನು ಹೇಳಿದಾಗ ಅಕ್ಕ ಹಿರಿಹಿರಿ ಹಿಗ್ಗಿದಳು. ನಾನೂ ಹಿಗ್ಗಿದೆ, ಸುಳ್ಳೇಕೆ.

ಅಂದು ರಾತ್ರಿಯೇ ಅಕ್ಕ ಆ ಸೋಫಾದ ಮುಂದೆ ಮಂಡಿಯೂರಿ ಬಟ್ಟೆ ಹಿಡಿದಿದ್ದ ಪಿನ್ನುಗಳನ್ನು ಕೀಳತೊಡಗಿದಳು. "ಏನ್ ಮಾಡ್ತಿದೀಯಾ? ಸೂಜಿ ಕೂತ ಗುರುತೂ ಇಲ್ಲ, ಬಿಡು," ಎಂದೆ.

"ಕೂತದ್ದು ಕೂತದ್ದೇ," ಎಂದಳು. ಮರುದಿನ ತನ್ನ ದುಡ್ಡಿನಲ್ಲೇ ಅದೇ ಬಟ್ಟೆ ತಂದು ಹೊದಿಸಿದಳು. ಸುಲಿದ ಬಟ್ಟೆಯನ್ನು ಸುತ್ತಿ ನನ್ನ ಹೊಲಿಗೆ ಯಂತ್ರದ ಕೆಳಗೆ ತುರುಕಿದಳು. ಡಾಕ್ಟರಮ್ಮನಿಗೆ ಏನೂ ಗೊತ್ತಾಗಲಿಲ್ಲ. ಬಂದರು, ಕೂತರು, ಸಂತೋಷವಾಗಿ ತೆಗೆದುಕೊಂಡು ಹೋದರು.

ಅದಾದ ಮೇಲೆ ಕಾಲೇಜಿನಿಂದ ಮೇಲ್ ಬಂತು. ಸೂಜಿ ಓದಿ ಹೇಳಿದಳು. ಅವಳ ಓದು ಅವರಿಗೆ ಒಪ್ಪಿಗೆಯಾಗಿದೆ. ಆದರೆ ಮಾತಾಡಿಸಿದವರು, ಅನುಕೂಲಸ್ಥರ ಮನೆ, ಸೊಗಸಾದ ಪೀಠೋಪಕರಣ ಎಂದು ಬರೆದಿದ್ದಾರೆ. ಅಪ್ಪ ತೋರಿಸಿದ ಸಂಪಾದನೆಗೂ ಇದಕ್ಕೂ ತಾಳೆಯಾಗುತ್ತಿಲ್ಲ. ನೆರವಿನ ವಿಭಾಗದವರು ಇನ್ನೊಮ್ಮೆ ಮಾತಾಡಬೇಕಂತೆ.

ಅಕ್ಕ ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು ನೆಲದ ಮೇಲೆ ಕುಸಿದಳು. "ನನ್ನ ಕೈಯಾರೆ ನಾನೇ ಕೆಡಿಸಿದೆ," ಎಂದಳು. ಮಗಳ ಮಾನ ಕಾಯಲು ಹೋದವಳು ಅವಳು. ದುಡ್ಡು ಕೇಳುವವರು ಹರಕು ತೋರಿಸಿಕೊಂಡು ಕೂರಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಹೇಳಿಕೊಡಲು ಸಲಹೆಗಾರ ಓಡಿಬಂದ. ನಮ್ಮ ಸಂಕಟ ಕೇಳಿ ಅವನಿಗೆ ಜೀವ ಬಂದಂತಿತ್ತು.

"ಹೆದರಬೇಡಿ. ಈ ಸೋಫಾ ಎಲ್ಲ ಎಲ್ಲಾದ್ರೂ ಸಾಗಿಸಿ. ಆ ಮೂಲೆ ಗೋಡೆ ಚೆನ್ನಾಗಿದೆ, ಸುಣ್ಣ ಕಿತ್ತಿದೆ. ಅಲ್ಲಿ ನೆಲದ ಮೇಲೆ ಕೂರಲಿ. ಹಳೇ ಬಟ್ಟೆ. ಅಮ್ಮ ಹಿಂದೆ ನಿಂತು ಕಣ್ಣೊರೆಸಿಕೊಳ್ತಾ ಇರಲಿ. ಅಪ್ಪ ಚಾಪೆ ಮೇಲೆ ಮಲಗಿರಲಿ, ಬೆನ್ನು ನೋವು ಇತ್ತಲ್ಲ."

"ಎಷ್ಟು ಹೊತ್ತು ಮಲಗಬೇಕು?" ಎಂದು ಕೇಳಿದರು ಭಾವ. "ಅವತ್ತು ಸಂಜೆ ಒಂದು ಡೆಲಿವರಿ ಇದೆ."

"ಅತ್ತು ಆಗೋದಾದ್ರೆ ಅಳ್ತೀನಿ," ಎಂದಳು ಅಕ್ಕ. ಅವಳು ತಮಾಷೆ ಮಾಡುತ್ತಿರಲಿಲ್ಲ. ಆ ಗೋಡೆಯ ಹತ್ತಿರ ಹೋಗಿ ಎಲ್ಲಿ ನಿಲ್ಲಬೇಕೆಂದು ನೋಡತೊಡಗಿದಳು. ನನಗೆ ಪಿತ್ತ ನೆತ್ತಿಗೇರಿತು. ಹೋಗಿ ಇವನ ಕುರ್ಚಿಗಳ ರೆಕ್ಸಿನ್ನನ್ನೆಲ್ಲ ಕಿತ್ತು ತರಲೇ ಎನ್ನುವಷ್ಟು ಸಿಟ್ಟು ಬಂತು. ಆದರೆ ಅಷ್ಟರಲ್ಲಿ ಸೂಜಿ ಬಾಯಿ ಬಿಟ್ಟಳು.

"ಅವತ್ತು ಇಲ್ಲದ್ದನ್ನ ಇದೆ ಅಂತ ತೋರಿಸಿ ಸಿಕ್ಕಿಹಾಕ್ಕೊಂಡ್ವಿ. ಇವತ್ತು ಇರೋದನ್ನ ಇಲ್ಲ ಅಂತ ತೋರಿಸ್ಬೇಕಾ? ನಾನು ಮಾಡಲ್ಲ."

"ನೋಡಮ್ಮಾ," ಎಂದ ಸಲಹೆಗಾರ, "ನಿನಗೆ ದುಡ್ಡು ಬೇಕಾ, ಮರ್ಯಾದೆ ಬೇಕಾ?"

"ಎರಡೂ ಬೇಕು."

"ಎರಡೂ ಸಿಗಲ್ಲ."

"ಅದನ್ನ ಅವರು ಹೇಳಲಿ. ನೀವ್ಯಾಕೆ ಹೇಳ್ತೀರಾ?"

ಅಕ್ಕ ನಡುವೆ ಬಂದಳು. "ನೀನು ಸುಮ್ನಿರು. ತಪ್ಪು ಮಾಡಿದ್ದು ನಾನು. ಅಳೋದು ನಾನು ತಾನೇ?"

"ಅಮ್ಮಾ, ನೀನು ಅವರ ಮುಂದೆ ಒಂದು ಹನಿ ಕಣ್ಣೀರು ಹಾಕಿದ್ರೂ ನಾನು ಲ್ಯಾಪ್‌ಟಾಪ್ ಮುಚ್ಚಿಬಿಡ್ತೀನಿ," ಎಂದಳು ಸೂಜಿ. ಆಮೇಲೆ ನನ್ನ ಕಡೆ ತಿರುಗಿದಳು. "ಚಿಕ್ಕಮ್ಮಾ, ಅವರು ಮಾತಾಡಿಸೋವಾಗ ನೀನು ಹೊಲೀತಾನೇ ಇರು. ಯಾರೂ ಕೆಲಸ ನಿಲ್ಲಿಸೋದು ಬೇಡ."

ಕೈಗೆ ಬಂದದ್ದನ್ನು ಕಾಲಲ್ಲಿ ಒದೆಯುತ್ತಿದ್ದೀರಿ ಎಂದು ಸಲಹೆಗಾರ ಗೊಣಗುತ್ತ ಹೋದ.

ಮತ್ತೆ ಮಾತಾಡಿಸುವ ದಿನ ಸಂಜೆ ಲ್ಯಾಪ್‌ಟಾಪ್ ಇದ್ದದ್ದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಸೂಜಿ ಮೂಟೆಯ ಮೇಲೆ ಕೂತಿದ್ದಳು. ಅವಳ ಹಿಂದೆ ಸೋಫಾಗಳು ಇದ್ದಲ್ಲೇ ಇದ್ದವು, ಅರ್ಧ ಸುಲಿದವು, ಅರ್ಧ ಹೊದಿಸಿದವು. ಭಾವ ಡೆಲಿವರಿಗೆ ಹೋಗಿದ್ದರು. ಅಕ್ಕ ಸ್ಪ್ರಿಂಗಿಗೆ ಹುರಿ ಬಿಗಿಯುತ್ತಿದ್ದಳು. ನಾನು ಯಂತ್ರ ತುಳಿಯುತ್ತಿದ್ದೆ. ಏನು ಹೊಲಿಯುತ್ತಿದ್ದೇನೆಂಬುದು ದೇವರಿಗೇ ಗೊತ್ತು. ಮರುದಿನ ಅಷ್ಟನ್ನೂ ಬಿಚ್ಚಬೇಕಾಯಿತು.

ಪರದೆಯಲ್ಲಿ ನೆರವಿನ ವಿಭಾಗದ, ನರೆತ ಕೂದಲಿನ ಒಬ್ಬ ಹೆಂಗಸು. ನಗು ಇಲ್ಲ, ಕೋಪವೂ ಇಲ್ಲ. ಟಿವಿ ನೋಡಿ ಕಲಿತ ನನ್ನ ಇಂಗ್ಲಿಷಿಗೆ ಸಿಕ್ಕಿದ್ದಷ್ಟು ಸಿಕ್ಕಿತು, ಉಳಿದದ್ದನ್ನು ಸೂಜಿ ಆಮೇಲೆ ಹೇಳಿದಳು.

ಆಕೆ ನೇರವಾಗಿ ವಿಷಯಕ್ಕೆ ಬಂದರು. ಹೋದ ಸಲ ನೀನು ಕೂತಿದ್ದ ಸೋಫಾ ಯಾರದು?

"ಗಿರಾಕಿಯದು. ಇಲ್ಲಿರೋ ಎಲ್ಲವೂ ಗಿರಾಕಿಗಳವೇ. ನಾವು ಅವುಗಳ ಮೇಲೆ ಕೂರೋದಿಲ್ಲ. ಅವತ್ತು ಒಂದು ದಿನ ಕೂತೆ."

ಯಾಕೆ ಕೂತೆ?

"ಕುರ್ಚಿ ಇಲ್ಲದ ಮನೆಯವಳು ಅಂತ ನೀವು ನನ್ನನ್ನ ಕೀಳಾಗಿ ನೋಡಬಾರದು ಅಂತ ಅಮ್ಮ ಕೂರಿಸಿದಳು. ಅದು ತಪ್ಪು ಚಿತ್ರ. ಅದನ್ನ ಈಗ ತಿದ್ದುತ್ತಿದ್ದೀನಿ."

ಅದು ನಿಜವೆಂದು ನಂಬುವುದು ಹೇಗೆ ಎಂದು ಆಕೆ ಕೇಳಿದರು. ಕೇಳಬೇಕಾದ್ದೇ, ಅವರ ಕೆಲಸ ಅದು.

ಸೂಜಿ ಎದ್ದು ಬಂದು ನನ್ನ ಕಾಲ ಬಳಿ ಕೈ ಹಾಕಿ ದ್ರಾಕ್ಷಿ ಬಣ್ಣದ ಸುರುಳಿಯನ್ನು ಎಳೆದಳು. ಅದನ್ನು ಪರದೆಯ ಮುಂದೆ ಅಗಲವಾಗಿ ಬಿಡಿಸಿ ಹಿಡಿದಳು. ಅಂಚಿನ ಉದ್ದಕ್ಕೂ ಪಿನ್ನು ಕಿತ್ತ ತೂತುಗಳು.

"ಅವತ್ತಿನ ಸೋಫಾದ ಬಟ್ಟೆ ಇದು. ಅಮ್ಮ ಅವತ್ತು ರಾತ್ರಿಯೇ ಕಿತ್ತಳು. ತನ್ನ ದುಡ್ಡಲ್ಲಿ ಬೇರೆ ಹಾಕಿದಳು."

ಹೊಸ ಬಟ್ಟೆಯಲ್ಲವೇ, ಯಾಕೆ ಕಿತ್ತರು?

"ನಾನು ಕೂತಿದ್ದೆ," ಎಂದಳು ಸೂಜಿ.

ಆ ಕಡೆ ಆಕೆ ಪರದೆಗೆ ಬಾಗಿ ತೂತುಗಳನ್ನು ನೋಡಿದರು. ಈ ಕಡೆ ಅಕ್ಕನ ಕೈ ನಿಂತಿತು. ಅವಳಿಗೆ ಇಂಗ್ಲಿಷು ಒಂದಕ್ಷರ ಬಾರದು. ಆದರೆ ಆ ಬಟ್ಟೆಯನ್ನು ಮಗಳು ಯಾಕೆ ಎತ್ತಿ ಹಿಡಿದಿದ್ದಾಳೆಂದು ತಿಳಿಯಿತು. ಅವಳ ಕಣ್ಣು ತುಂಬಿತು. ನಾನು ಕಣ್ಣು ಕೆಕ್ಕರಿಸಿದೆ. ಅವಳು ತುಟಿ ಕಚ್ಚಿ ಮತ್ತೆ ಹುರಿ ಹಿಡಿದಳು.

ಇನ್ನೇನಾದರೂ ಹೇಳುವುದಿದೆಯೇ ಎಂದರು ಆಕೆ.

"ಇದೆ. ಈ ಮನೇಲಿ ಕೆಲಸ ಇದೆ, ಊಟ ಇದೆ, ಅಪ್ಪನ ಬೆನ್ನು ಸರಿಯಾಗಿದೆ. ಯಾರೂ ಅಳ್ತಿಲ್ಲ. ನಿಮ್ಮ ಕಾಲೇಜಿಗೆ ಕಟ್ಟೋವಷ್ಟು ದುಡ್ಡು ಮಾತ್ರ ಇಲ್ಲ, ಯಾವತ್ತೂ ಇರೋದೂ ಇಲ್ಲ. ಕನಿಕರಕ್ಕೆ ಕೊಡೋದಾದ್ರೆ ನನಗಿಂತ ಕಷ್ಟದಲ್ಲಿರೋರಿಗೆ ಕೊಡಿ. ಓದಿಗೆ ಕೊಡೋದಾದ್ರೆ ನನಗೆ ಕೊಡಿ."

ಆಕೆ ಏನೋ ಬರೆದುಕೊಂಡರು. ತಿಳಿಸುತ್ತೇವೆ ಎಂದರು, ಪರದೆ ಆರಿತು.

ನನಗೆ ಹೆಮ್ಮೆಯೂ ಆಯಿತು, ಹೊಡೆದುಬಿಡಲೇ ಎಂದೂ ಅನ್ನಿಸಿತು. ಕೊನೆಯ ಆ ಮಾತನ್ನು ಹೇಳದಿದ್ದರೆ ಆಗುತ್ತಿರಲಿಲ್ಲವೇ? "ಬರದಿದ್ರೆ?" ಎಂದೆ.

"ಮುಂದಿನ ವರ್ಷ ಮತ್ತೆ ಕೇಳ್ತೀನಿ. ಇದೇ ಮೂಟೆ ಮೇಲೆ ಕೂತು."

ಮರುದಿನ ಅಕ್ಕ ಹಳೆಯ ಸೋಫಾವೊಂದರಿಂದ ಬಿಸಾಕಿದ ಹಲಗೆಗಳನ್ನು ಹಿತ್ತಲಿನಿಂದ ತಂದು ಉಜ್ಜತೊಡಗಿದಳು. ಗಿರಾಕಿಗಳ ಕೆಲಸ ಮುಗಿದ ಮೇಲೆ ದಿನವೂ ಸ್ವಲ್ಪ ಸ್ವಲ್ಪ. ನಾಲ್ಕು ಜನ ಕೂರುವಂಥ ಬೆಂಚು. ಸ್ಪ್ರಿಂಗು ಹಾಕಿದಳು, ನಾಲ್ಕೂ ಕಡೆ ಹುರಿ ಬಿಗಿದಳು. ದ್ರಾಕ್ಷಿ ಬಣ್ಣದ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿ, "ತೂತು ಕಾಣದ ಹಾಗೆ ಮಡಚಿ ಹೊಲಿ," ಎಂದಳು.

"ಯಾರ ಆರ್ಡರು?"

"ಮನೇದು. ಅವಳಿಗೆ ಸೀಟು ಕೊಟ್ರೂ ಸರಿ, ಕೊಡದಿದ್ರೂ ಸರಿ."

ಬೆಂಚು ಮುಗಿದು ಗೋಡೆಗೆ ಕೂತ ಮೇಲೂ ಉತ್ತರ ಬಂದಿರಲಿಲ್ಲ. ನಮಗೋ ಅದರ ಮೇಲೆ ಕೂರಲು ಭಯ. ಹಾದುಹೋಗುವಾಗಲೆಲ್ಲ ಬಳಸಿ ಹೋಗುತ್ತಿದ್ದೆವು. ಒಂದು ಬೆಳಿಗ್ಗೆ ಸೂಜಿ ಫೋನು ಹಿಡಿದು ಒಳಗಿನಿಂದ ಬಂದವಳು ಅದರ ಮೇಲೆ ಕೂತುಬಿಟ್ಟಳು. ಬೇಕೆಂದು ಕೂತದ್ದಲ್ಲ, ಕಣ್ಣು ಫೋನಿನಲ್ಲೇ ಇತ್ತು.

"ಪೂರ್ತಿ," ಎಂದಳು. "ಪೂರ್ತಿ ಕೊಟ್ಟಿದಾರೆ. ವಿಮಾನದ ಟಿಕೆಟ್ಟೂ ಸೇರಿ."

ಭಾವ ಅವಳ ಪಕ್ಕ ಕೂತು ಸುಮ್ಮನೆ ತಲೆ ಸವರಿದರು. ಅಕ್ಕ ಕೂತು ಈಗ ಅತ್ತಳು. ಹೊರಗಿನವರಾರೂ ನೋಡುತ್ತಿರಲಿಲ್ಲ, ಸೂಜಿಯೂ ಬೇಡವೆನ್ನಲಿಲ್ಲ. ನಾನು ತುದಿಯಲ್ಲಿ ಕೂತೆ. ಬೆಂಚು ಒಂದಿಷ್ಟೂ ಕುಸಿಯಲಿಲ್ಲ.

ಸುದ್ದಿ ಬೀದಿಯಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಬಾಗಿಲಲ್ಲಿ ಸಲಹೆಗಾರ ಪ್ರತ್ಯಕ್ಷನಾದ. ಮುಖದ ತುಂಬ ನಗು, ಕೈಯಲ್ಲಿ ಫೋನು.

"ನಾನು ಹೇಳಿರಲಿಲ್ವಾ? ನಮ್ಮ ಹುಡುಗಿ! ಬಾಮ್ಮಾ, ಎದ್ದು ಬಾ, ಒಂದು ಫೋಟೋ. ಆಫೀಸಿನ ಬೋರ್ಡಿಗೆ."

ಬಾಗಿಲಿಗೆ ಯಾರಾದರೂ ಬಂದರೆ ಏಳುವುದು ನಮ್ಮ ಮೈಗೆ ಅಂಟಿದ ಚಾಳಿ. ಭಾವ ಎದ್ದರು. ನಾನು ಅರ್ಧ ಎದ್ದೆ. ಸೂಜಿಯೂ ಏಳಹೊರಟಳು.

ಅಕ್ಕ ಏಳಲಿಲ್ಲ. ಕಣ್ಣೊರೆಸಿಕೊಂಡು ಮಗಳ ಭುಜದ ಮೇಲೆ ಕೈಯಿಟ್ಟಳು.

"ಕೂತ್ಕೋ," ಎಂದಳು.

ಸೂಜಿ ಕೂತಳು. ಅಂಚಿನಲ್ಲಲ್ಲ, ಬೆನ್ನು ಗೋಡೆಗೆ ಒರಗುವಷ್ಟು ಹಿಂದಕ್ಕೆ. ನಾವೂ ಕೂತೆವು. ಸಲಹೆಗಾರ ಫೋನು ಹಿಡಿದು ನಿಂತೇ ಇದ್ದ. ಅಕ್ಕ ಅವನಿಗೆ ಗಿಡ್ಡ ಕಾಲಿನ ಸ್ಟೂಲು ತೋರಿಸಿದಳು.