ಯಾರ ದನಿಗೆ ಬಾಗಿಲು

ಹೋದ ವಾರದಿಂದ ಪುಟ್ಟಿ ಕರೆದರೆ ಓಗೊಡುತ್ತಿರಲಿಲ್ಲ. ಕರೆದಷ್ಟೂ ಮಂಚದ ಕೆಳಗೋ ಪರದೆಯ ಹಿಂದೋ ಉಸಿರು ಬಿಗಿಹಿಡಿದು ಕೂತುಬಿಡುತ್ತಿದ್ದಳು. ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿದ್ದ ಅಮ್ಮನಿಗೆ ಅನುಮಾನ ಹುಟ್ಟಿತು. ಅನುಮಾನಕ್ಕೇನು, ಒಂದು ಎಳೆ ಸಿಕ್ಕರೆ ಸಾಕು, ತಾನಾಗಿಯೇ ತಾನುಗಟ್ಟಲೆ ನೇಯ್ದುಕೊಳ್ಳುತ್ತದೆ. ಅದು ಹೋಗಿ ನಿಂತದ್ದು ಅತ್ತೆಯ ಮೇಲೆ. ಮಲಗಿಸುವಾಗ ಕಣ್ಣರಳಿಸಿ, ದನಿ ಬದಲಿಸಿ ರಾಕ್ಷಸಿಯ ಕಥೆ ಹೇಳುವವರು ಅವರೇ ತಾನೇ?

ಇವತ್ತಂತೂ ಗಿರಾಕಿಯೊಬ್ಬಳು ಬಾಗಿಲು ತಟ್ಟಿದ್ದೇ ತಡ, ಪುಟ್ಟಿ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. ಗಿರಾಕಿ ಹೋದ ಮೇಲೂ ಹೊರಗೆ ಬರಲಿಲ್ಲ.

"ಮಗು ತಲೆಗೆ ಏನು ತುಂಬಿದ್ದೀರಿ ಅತ್ತೆ? ನೀವು ಒಳ್ಳೆಯವರೇ ಅಲ್ಲ!"

"ನನ್ನ ಕಥೇಲಿ ರಾಕ್ಷಸಿ ಕೊನೆಗೆ ಸಾಯ್ತಾಳೆ ಕಣೇ, ಅಷ್ಟೊತ್ತಿಗೆ ಇವಳು ಗೊರಕೆ ಹೊಡೀತಿರ್ತಾಳೆ. ನನ್ನ ಮೇಲ್ಯಾಕೆ ಹರಿಹಾಯ್ತೀಯ?"

ಅಮ್ಮ ಬಾಗಿಲಿಗೆ ಬಾಯಿ ಹತ್ತಿರ ತಂದಳು. "ಪುಟ್ಟೀ, ನಾನೇ ಕಣೆ. ತೆಗಿ."

"ಮಿಸ್ಸೂ ಹಾಗೇ ಅಂದ್ರು," ಒಳಗಿಂದ ಪಿಸುದನಿ ಬಂತು.

"ಯಾವಾಗ?"

"ಬಂದೂಕು ಹಿಡ್ಕೊಂಡು ಯಾರಾದ್ರೂ ಸ್ಕೂಲಿಗೆ ಬಂದ್ರೆ ಏನ್ಮಾಡ್ಬೇಕು ಅಂತ ಅಭ್ಯಾಸ ಮಾಡ್ಸಿದ್ರಲ್ಲ, ಆವಾಗ. ಲೈಟ್ ಆರಿಸಿ ಬೆಂಚ್ ಕೆಳಗೆ ಕೂತಿದ್ವಿ. ಮಿಸ್ಸು ಹೊರಗಡೆಯಿಂದ 'ನಾನೇ, ತೆಗೀರಿ ಚಿನ್ನ' ಅಂದ್ರು. ನಾನು ತೆಗ್ದೆ." ಬಿಕ್ಕು ಉಕ್ಕಿ ಬಂತು. "ಯಾರು ಕರೆದ್ರೂ ತೆಗೀಬಾರ್ದಿತ್ತಂತೆ, ಅದು ಪರೀಕ್ಷೆಯಂತೆ. ನಿನ್ನಿಂದ ಎಲ್ರೂ ಸತ್ರು ಅಂದ್ರು. ಈಗ ನನ್ನ ಜೊತೆ ಯಾರೂ ಆಡಲ್ಲ."

ಅಮ್ಮ ಬಾಗಿಲಿಗೆ ಅಂಗೈ ಒತ್ತಿದಳು.

"ನಿನ್ನ ಹಿಂದೆ ಯಾರಿದ್ದಾರೆ?" ಎಂದಳು ಪುಟ್ಟಿ.

ಅಮ್ಮ ತನಗೇ ತಿಳಿಯದೆ ತಿರುಗಿ ನೋಡಿದಳು. "ಅಜ್ಜಿ."

"ಅಜ್ಜಿ ಒಳ್ಳೆಯವ್ರಾ?"

"ಹೂಂ, ಒಳ್ಳೆಯವ್ರು."

"ಈಗ ತಾನೇ ಅಲ್ಲ ಅಂದೆ."

ಅತ್ತೆ ಮೂಗು ಮುರಿದರು. ಸೊಸೆ ತಲೆ ತಗ್ಗಿಸಿದಳು. "ತಪ್ಪು ತಿಳ್ಕೊಂಡಿದ್ದೆ ಪುಟ್ಟಿ."

ಒಳಗಿಂದ, "ಈಗಲೂ ತಪ್ಪು ತಿಳ್ಕೊಂಡಿದ್ರೆ?"



"ಸರಿ, ತೆಗೀಬೇಡ ಬಿಡು," ಎಂದಳು ಅಮ್ಮ. "ನಿನಗೆ ಅನ್ನಿಸಿದಾಗ ತೆಗಿ. ನಾವಿಬ್ರೂ ಇಲ್ಲೇ ಕೂತಿರ್ತೀವಿ."

ಅತ್ತೆ ಮಂಡಿ ಹಿಡಿದುಕೊಂಡು, ಗೊಣಗುತ್ತಲೇ ಸೊಸೆಯ ಪಕ್ಕ ನೆಲಕ್ಕೆ ಕೂತರು. ಬಾಗಿಲಿನಾಚೆ ಪುಟ್ಟ ಪಾದಗಳು ಸರಿದು ಬಂದ ಸದ್ದಾಯಿತು. ಚಿಲಕ ಅಲುಗಲಿಲ್ಲ. ಕೆಳಗಿನ ಸಂದಿಯಲ್ಲಿ ಒಂದು ಕಣ್ಣು ಮೂಡಿ, ಹೊರಗಿದ್ದ ಕಾಲುಗಳನ್ನು ಒಂದೊಂದಾಗಿ ಎಣಿಸತೊಡಗಿತು.