ನಲವತ್ತು ಕಿಲೋಮೀಟರಿನೊಳಗೆ

2019ರ ಜೂನ್ 8, ಶನಿವಾರ. ಬೆಳಿಗ್ಗೆ 9 ಗಂಟೆ 40 ನಿಮಿಷ.

"ಬಾಯಿ ಮುಚ್ಕೊಂಡು ನಗಮ್ಮ. ಮುಂದಿನ ಹಲ್ಲಿಲ್ಲ, ಫೋಟೋದಲ್ಲಿ ತೂತು ಕಾಣುತ್ತೆ," ಎಂದಳು ಅಂಗಡಿಯ ಒಡತಿ ಹೆನ್ರಿಕೆ.

ಸಾಂದಾ ತುಟಿ ಬಿಗಿದು ನಕ್ಕಳು. ಬರ್ಲಿನ್ನಿನ ಆ ಬೀದಿಯಲ್ಲಿ, ಅಂಗಡಿಯ ಮುಂದೆ, ದೊಡ್ಡದೊಂದು ಮರದ ಪೆಟ್ಟಿಗೆಯ ತುಂಬ ಮರಳು. ಮರಳಿನೊಳಗೆ, ಮಣ್ಣಿನಡಿಯಲ್ಲೇ ಬೆಳೆಯುವ ಬಿಳಿ ಆಸ್ಪರಾಗಸ್ ತರಕಾರಿಯ ದಂಟುಗಳು. ನಿನ್ನೆ ಹೊಲದಲ್ಲಿ ಅವಳೇ ಕೊಯ್ದವು. ಈ ಬೆಳಿಗ್ಗೆ ಅವಳ ಕೈಯಲ್ಲೇ ಮರಳಿಗೆ ಚುಚ್ಚಿಸಿದ್ದರು. ಗಿರಾಕಿ ಬಂದು ನಿಂತರೆ ಅವಳು ಬಗ್ಗಿ, ಎರಡು ಬೆರಳಿನಿಂದ ಮರಳು ಸರಿಸಿ, ಉದ್ದನೆಯ ಚಾಕು ಇಳಿಸಿ, ಕೊಯ್ದದ್ದನ್ನು ಮತ್ತೊಮ್ಮೆ ಕೊಯ್ಯಬೇಕು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರು ಅತ್ತ ಹೋದೊಡನೆ ಅದೇ ದಂಟನ್ನು ಅದೇ ತೂತಿಗೆ ಚುಚ್ಚಬೇಕು.

ತಲೆಗೆ ಹೂವಿನ ಚಿತ್ತಾರದ ವಸ್ತ್ರ, ಸೊಂಟಕ್ಕೆ ಇಸ್ತ್ರಿ ಮಾಡಿದ ನೀಲಿ ಏಪ್ರನ್. ಹೊಲದಲ್ಲಿ ಅವಳು ತೊಡುತ್ತಿದ್ದದ್ದು ಹರಿದ ರೇನ್‌ಕೋಟು. ಅದು ಹಳ್ಳಿಯ ಹಾಗೆ ಕಾಣುವುದಿಲ್ಲ ಎಂದು ಹೆನ್ರಿಕೆ ತೆಗೆಸಿದ್ದಳು.

ಅಂಗಡಿಯ ಹೆಗ್ಗಳಿಕೆಯೇ ದೂರ. ಇಲ್ಲಿ ಮಾರುವುದೆಲ್ಲ ನಲವತ್ತು ಕಿಲೋಮೀಟರಿನೊಳಗೆ ಬೆಳೆದದ್ದು. ಪ್ರತಿಯೊಂದರ ಪಕ್ಕದಲ್ಲೂ ದೂರ ಬರೆದ ಪುಟ್ಟ ಸ್ಲೇಟು: ಜೇನು, 12. ಮೊಟ್ಟೆ, 27. ಆಸ್ಪರಾಗಸ್, 38. ಸಾಂದಾಳ ಪಕ್ಕ ಸ್ಲೇಟು ಇರಲಿಲ್ಲ. ಏಳು ಬೇಸಿಗೆಗಳಿಂದ ಅವಳು ರೊಮೇನಿಯಾದ ತನ್ನೂರಿನಿಂದ ಗ್ರಾಬೋ ಎಂಬವನ ಹೊಲಕ್ಕೆ ಕೊಯ್ಲಿಗೆ ಬರುತ್ತಿದ್ದಳು. ಈ ಸಲ ತಂಗಿ ಲೆನುತ್ಸಾಳನ್ನೂ ಕರೆತಂದಿದ್ದಳು.

ಬುಧವಾರ ಚಾಕು ಜಾರಿ ಲೆನುತ್ಸಾಳ ಹೆಬ್ಬೆರಳು ಸೀಳಿತ್ತು. ಶುಕ್ರವಾರಕ್ಕೆ ಅಂಗೈ ಉಬ್ಬಿ, ಮಣಿಕಟ್ಟಿನಿಂದ ಮೊಳಕೈಯತ್ತ ಕೆಂಪು ಗೆರೆಯೊಂದು ಏರಿತ್ತು. ಜ್ವರದಲ್ಲಿ ತಂಗಿ ಅಮ್ಮನನ್ನು ಕರೆಯುತ್ತಿದ್ದಳು.

"ಡಾಕ್ಟ್ರು ಕೈ ನೋಡಾಕಿಲ್ಲ ಕಣೆ," ಎಂದಿದ್ದ ಗ್ರಾಬೋ. "ದಿನಕ್ಕೆ ಎಷ್ಟ್ ಗಂಟೆ ಗೇಯ್ತೀರಿ, ಇನ್ಶೂರೆನ್ಸ್ ಎಲ್ಲೈತೆ ಅಂತ ಕೇಳ್ತಾನೆ ಬಡ್ಡೀಮಗ."

"ಸಾಯ್ತಾಳೆ ಯಜಮಾನ್ರೇ."

"ಸಾಯಾಕಿಲ್ಲ ಬಿಡು. ನಾಳೆ ಪಟ್ಣದ ಅಂಗ್ಡೀಲಿ ಒಬ್ಳು ನಿಂತ್ಕೋಬೇಕಂತೆ. ತುಟಿ ಪಿಟಕ್ಕನ್ದಂಗೆ ನಿಂತ್ಕೊ. ಮಧ್ಯಾಹ್ನದೊಳ್ಗೆ ನಿನ್ ತಂಗೀನ ನಾನೇ ಡಾಕ್ಟ್ರ ತಾವ ಕರ್ಕೊಂಡೋಯ್ತೀನಿ. ನಮ್ಮವ್ವನಾಣೆ."

ಅದಕ್ಕೇ ಅವಳು ನಿಂತಿದ್ದಳು. ಬಾಯಿ ಮುಚ್ಚಿಕೊಂಡು.

ನಾಯಿ ಹಿಡಿದ ವಯಸ್ಸಾದ ಹೆಂಗಸೊಬ್ಬಳು ಬಂದಳು. ನಾಯಿಯ ಮುಂಗಾಲಿಗೆ ಹಸಿರು ಬ್ಯಾಂಡೇಜು.

"ಎಷ್ಟು ಚೆನ್ನಾಗ್ ಕುಯ್ತಾರಲ್ರೀ! ಇದ್ನ ಬೆಳೆಯೋ ಹಳ್ಳಿಯವ್ರೇನಾ?"

"ನಮ್ಮ ಮಣ್ಣಿನ್ ಮಗಳು ರೀ," ಎಂದಳು ಹೆನ್ರಿಕೆ, ಸಾಂದಾಳ ಹೆಗಲು ತಟ್ಟಿ. "ಸ್ವಲ್ಪ ನಾಚಿಕೆ. ಮಾತು ಕಮ್ಮಿ."

"ಅದೇ ಚೆಂದ ಬಿಡಿ. ಪಾಪ, ನಮ್ಮ ಬ್ರೂನೋಗೆ ಗಾಜು ಚುಚ್ಚಿತ್ತು. ಅವತ್ತು ಭಾನುವಾರ ಬೇರೆ. ಡಾಕ್ಟ್ರು ಮನೆಗೇ ಬಂದ್ರು, ಪುಣ್ಯಾತ್ಮ."

ಹೆನ್ರಿಕೆ ಒಳಗೋಡಿ ಬ್ರೂನೋಗೆ ಬಟ್ಟಲಲ್ಲಿ ನೀರು ತಂದಳು. ಬೆಳಗಿನಿಂದ ಸಾಂದಾ ನೀರು ಕುಡಿದಿರಲಿಲ್ಲ. ಕುಡಿದರೆ ಶೌಚಕ್ಕೆ ಹೋಗಬೇಕಾಗುತ್ತದೆ, ಅಂಗಡಿಯ ಶೌಚಾಲಯ ಗಿರಾಕಿಗಳಿಗೆ ಮಾತ್ರವಂತೆ.

ಮಧ್ಯಾಹ್ನ ಗ್ರಾಬೋ ವ್ಯಾನಿನಲ್ಲಿ ಇನ್ನಷ್ಟು ಕ್ರೇಟು ತಂದಿಳಿಸಿದ. ಸಾಂದಾ ಚಾಕು ಹಿಡಿದೇ ಅವನ ಬಳಿ ಹೋದಳು.

"ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು? ಸಂಜೆ ಬಸ್ಸಿಗೆ ಅವ್ಳಿಗೆ ಟಿಕೆಟ್ ತೆಗ್ದಿವ್ನಿ. ಒಂದೂವರೆ ದಿವ್ಸ ಕಣ್ಮುಚ್ಚಿದ್ರೆ ನಿಮ್ಮೂರು. ಅಲ್ಲಿ ಡಾಕ್ಟ್ರು ಇಲ್ವಾ?"

"ನಿಮ್ಮವ್ವನ್ ಮೇಲೆ ಆಣೆ ಇಟ್ಟಿದ್ರಿ."

"ನಮ್ಮವ್ವ ಸತ್ತು ಹತ್ತೊರ್ಷ ಆಯ್ತು. ಅವ್ಳಿಗೇನಾಗ್ಬೇಕು?" ಎಂದು ನಕ್ಕ ಗ್ರಾಬೋ. "ಹೋಗು, ಜನ ಕಾಯ್ತಾವ್ರೆ. ನಗು."

ಸಾಂದಾ ಹಿಂದಿರುಗಿ ಬಂದಳು. ಪೆಟ್ಟಿಗೆಯ ಸುತ್ತ ಏಳೆಂಟು ಜನ ಸೇರಿದ್ದರು. ಅವಳು ಬಗ್ಗಲಿಲ್ಲ. ಆಸ್ಪರಾಗಸ್ಸಿನ ಸ್ಲೇಟು ಕೈಗೆತ್ತಿಕೊಂಡು, ಅದರ ಮೇಲೆ ಥೂ ಎಂದು ಉಗಿದು, ಇಸ್ತ್ರಿ ಮಾಡಿದ ಏಪ್ರನ್ನಿನಿಂದ ಒರೆಸಿದಳು. ಸೀಮೆಸುಣ್ಣ ಹಿಡಿದು ನಿಧಾನವಾಗಿ ಬರೆದಳು.

"ಏನಮ್ಮ ಇದು, ಕೊಡಿಲ್ಲಿ!" ಹೆನ್ರಿಕೆ ಕೈ ಚಾಚಿದಳು.

"ಮುಟ್ಬೇಡ್ರಿ," ಎಂದಳು ಸಾಂದಾ, ಎಲ್ಲರಿಗೂ ಅರ್ಥವಾಗುವ ಜರ್ಮನ್ನಿನಲ್ಲಿ. ಹಲ್ಲಿಲ್ಲದ ತೂತು ಎಲ್ಲರಿಗೂ ಕಂಡಿತು. "ನಾನ್ ಬರ್ದಿರೋದೂ ಇಲ್ಲೀದೇ. ನಿಮ್ ನಲವತ್ತರೊಳ್ಗಿಂದೇ. ಈ ದಂಟು ನಿನ್ನೇದು, ಬೆಳಗಿಂದ ಚುಚ್ಚಿ ಚುಚ್ಚಿ ಕುಯ್ತಾ ಇದೀನಿ, ನೀವು ಚಪ್ಪಾಳೆ ಹೊಡೀತಾ ಇದೀರ. ಈ ಗ್ರಾಬೋ ಹೊಲ್ದಲ್ಲಿ ನನ್ ತಂಗಿ ಕೈ ಕೊಳೀತಾ ಬಿದ್ದವ್ಳೆ. ಯಾರಾದ್ರೂ ಫೋನ್ ಮಾಡಿ ಆಂಬ್ಯುಲೆನ್ಸ್ ಕಳ್ಸ್ರಿ."

"ಲೇ ಮುಂಡೆ, ವ್ಯಾನ್ ಹತ್ತು!" ಗ್ರಾಬೋ ಎರಡು ಹೆಜ್ಜೆ ಮುಂದೆ ಬಂದ. ಅವಳ ಬಲಗೈಯಲ್ಲಿ ಚಾಕು ಇನ್ನೂ ಇತ್ತು. ಅವನು ಮೂರನೆಯ ಹೆಜ್ಜೆ ಇಡಲಿಲ್ಲ.

ಯಾರೂ ಫೋನು ತೆಗೆಯಲಿಲ್ಲ. ತೆಗೆದವನೊಬ್ಬ ಫೋಟೋ ಹೊಡೆದ.

"ಅಂದ್ರೆ," ಎಂದಳು ನಾಯಿಯ ಹೆಂಗಸು ಹೆನ್ರಿಕೆಯತ್ತ ತಿರುಗಿ, "ಇವು ತಾಜಾ ಅಲ್ವೇನ್ರೀ?"

ಸಾಂದಾ ದಂಟುಗಳನ್ನೆಲ್ಲ ಕಿತ್ತು ಫುಟ್‌ಪಾತಿಗೆಸೆದು, ಖಾಲಿ ಮರಳಿನ ನಡುವೆ ಸ್ಲೇಟನ್ನು ನೆಟ್ಟಳು. ಅದರ ಪಕ್ಕದಲ್ಲೇ ನಿಂತಳು. ಅಲ್ಲಿದ್ದದ್ದು ಮೂರು ಸಾಲು:

ಲೆನುತ್ಸಾ, 19 ವರ್ಷ.

ಹೊಲದಿಂದ ಅವಳ ಮನೆಗೆ, 1,650 ಕಿ.ಮೀ.

ಹೊಲದಿಂದ ಡಾಕ್ಟರ ಮನೆಗೆ, 3 ಕಿ.ಮೀ.