ಸೋಮವಾರದ ಹುಲ್ಲು

ವರ್ಷದ ಎರಡನೆಯ ಮಳೆಗಾಲ ಹಿಡಿದು ಕೆಲವು ದಿನಗಳಾಗಿದ್ದವು. ಮಸಾಬಾ ಬೆಟ್ಟದ ಬಂಡೆಗಳ ಮೇಲಿಂದ ನೀರು ಬಿಳಿ ನೂಲಿನ ಹಾಗೆ ಅಲ್ಲಲ್ಲಿ ಇಳಿಯುತ್ತಿತ್ತು. ಪೇಟೆಯ ಉದ್ಯಾನದ ಹುಲ್ಲು ಒಂದೇ ವಾರದಲ್ಲಿ ಮೊಣಕಾಲುದ್ದ ಎದ್ದಿತ್ತು. ನಂಬೋಜೊ ಬಟ್ಟೆಯನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು, ಬೇಲಿಯ ಕಡೆಯಿಂದ ಕೊಯ್ದುಕೊಂಡು ಬರುತ್ತಿದ್ದಳು. ಎಡಗೈ ಹುಲ್ಲನ್ನು ಹಿಡಿಯುವುದು, ಬಲಗೈ ಕುಡುಗೋಲು ಎಳೆಯುವುದು, ಆಮೇಲೆ ಹಿಡಿಯನ್ನು ಒಮ್ಮೆ ಜೋರಾಗಿ ಕೊಡವುವುದು. ಕೊಡವಿದಾಗ ಏನಾದರೊಂದು ಬೀಳುತ್ತಿತ್ತು. ತಿಂದು ಬಿಸಾಕಿದ ಜೋಳದ ದಿಂಡು, ಸೋಡಾ ಬಾಟಲಿಯ ಮುಚ್ಚಳ, ಹೆಚ್ಚಾಗಿ ತೆಳ್ಳನೆಯ ಪ್ಲಾಸ್ಟಿಕ್ ಚೀಲ. ಭಾನುವಾರ ಗೇಟಿನ ಹತ್ತಿರ ಮೊಟ್ಟೆ ಸುತ್ತಿದ ಚಪಾತಿಯನ್ನು ಈ ಚೀಲಗಳಲ್ಲೇ ಹಾಕಿ ಮಾರುತ್ತಿದ್ದರು. ಎಣ್ಣೆ, ಉಪ್ಪು ಅಂಟಿಕೊಂಡ ಚೀಲವೆಂದರೆ ಹಸುವಿಗೆ ಬೆಲ್ಲವಿದ್ದ ಹಾಗೆ. ಅದಕ್ಕೇ ಅವಳು ಪ್ರತಿ ಹಿಡಿಯನ್ನೂ ಕೊಡವುತ್ತಿದ್ದಳು.

ಆದರೆ ಆ ಬೆಳಿಗ್ಗೆ ಅವಳ ಗಮನ ಹುಲ್ಲಿನ ಮೇಲಿರಲಿಲ್ಲ. ಮಲೇವಾ ನಿನ್ನೆಯಿಂದ ಗೋದಲಿಗೆ ಮೂತಿ ಇಟ್ಟಿರಲಿಲ್ಲ.

ಮಲೇವಾ ಅಂದರೆ ಹೊಗೆಯಲ್ಲಿ ಒಣಗಿಸಿದ ಕಳಲೆ, ಅದೇ ಬಣ್ಣ ಇದ್ದದ್ದರಿಂದ ಹಸುವಿಗೆ ಆ ಹೆಸರು ಬಂದಿತ್ತು. ಅದು ಅವಳದೇ ಹಸು, ಆದರೆ ಪೂರ್ತಿ ಅವಳದಲ್ಲ. ಹೆಂಗಸರ ಸಂಘ ಕೊಟ್ಟದ್ದು. ಅದಕ್ಕೆ ಹುಟ್ಟುವ ಮೊದಲ ಹೆಣ್ಣುಗರುವನ್ನು, ಹಾಲು ಬಿಟ್ಟ ಮೇಲೆ, ಸರದಿಯಲ್ಲಿ ಮುಂದಿರುವವಳ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ ಕಟ್ಟಬೇಕು. ಅಲ್ಲಿಯವರೆಗೆ ಅದು ಸಾಲದ ಹಸುವೇ. ರೋಗ ಬಂದು ಸತ್ತರೆ ಸಾಲ ಮನ್ನಾ. ಸಾಕಿದವಳ ತಪ್ಪಿನಿಂದ ಸತ್ತರೆ, ಎಲ್ಲಿಂದಲಾದರೂ ಕರು ತಂದುಕೊಡಬೇಕು, ಇಲ್ಲವೇ ಮನೆಯ ಹಿಂದಿನ ಬಾಳೆತೋಟದ ತುಂಡನ್ನು ಬಿಟ್ಟುಕೊಡಬೇಕು.

ಮಲೇವಾ ಮೊದಲು ಹೋರಿಗರು ಹಾಕಿತ್ತು. ಈಗ ಮತ್ತೆ ಗಬ್ಬ. ಸರದಿಯಲ್ಲಿ ಮುಂದಿದ್ದವಳು ಪಕ್ಕದ ಓಣಿಯ ಖೈತ್ಸಾ. ನಂಬೋಜೊಗಿಂತ ಹಿರಿಯಳು, ಗಂಡನಿಲ್ಲದವಳು, ಎಡಗಣ್ಣಿಗೆ ಪೊರೆ ಬಂದವಳು. ನೀಲಗಿರಿ ಕಂಬ ನೆಟ್ಟು ಕೊಟ್ಟಿಗೆ ಕಟ್ಟಿಸಿ ಅವಳು ಆಗಲೇ ಎರಡು ಮಳೆಗಾಲ ಕಾದಿದ್ದಳು. ಖಾಲಿ ಕೊಟ್ಟಿಗೆಯನ್ನು ದಿನಾ ಗುಡಿಸುತ್ತಿದ್ದಳು.

ಇಷ್ಟಕ್ಕೂ ಉದ್ಯಾನದ ಹುಲ್ಲು ನಂಬೋಜೊಗೆ ಸಿಕ್ಕಿದ್ದು ಹೀಗೆ. ಮೊದಲು ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ. ಮರದಡಿ ಕೂತವರನ್ನು ಸೋಮಾರಿಗಳೆಂದು ಪೊಲೀಸರು ಲಾರಿಗೆ ತುಂಬಿಕೊಂಡು ಹೋದದ್ದನ್ನು ಜನ ಮರೆತಿರಲಿಲ್ಲ. ಆಮೇಲೆ ಪೇಟೆಯ ಕಚೇರಿಯವರಿಗೆ ಬುದ್ಧಿ ಬಂದು ಬೆಂಚು ಹಾಕಿಸಿದರು, ಕಾರಂಜಿ ಮಾಡಿಸಿದರು. ಆಗಲೂ ಯಾರೂ ಬರಲಿಲ್ಲ. ಉದ್ಯಾನದ ಉಸ್ತುವಾರಿಯ ಗಿದುಡು, ಬೇಲಿಯ ಆಚೆ ಕದ್ದು ಹುಲ್ಲು ಕೊಯ್ಯುತ್ತಿದ್ದ ಇವಳನ್ನು ಒಂದು ದಿನ ಕರೆದ. ಬೈಯುತ್ತಾನೆಂದು ಅವಳು ಕುಡುಗೋಲನ್ನು ಬೆನ್ನ ಹಿಂದೆ ಹಿಡಿದು ನಿಂತಳು.

"ಮನೆಮನೆಗೆ ಹಾಲು ಹಾಕ್ತೀಯಲ್ಲ, ನಿನ್ನ ಮಾತು ಜನ ಕೇಳ್ತಾರೆ" ಅಂದ ಗಿದುಡು. "ಅವ್ರನ್ನ ಪಾರ್ಕಿಗೆ ಬರೋ ಹಂಗೆ ಮಾಡು. ಇಲ್ಲಿರೋ ಹುಲ್ಲೆಲ್ಲ ನಿಂದೇ. ಬೇರೆ ಯಾರೂ ಕುಡುಗೋಲು ಇಡಂಗಿಲ್ಲ."

"ಪೊಲೀಸ್ನೋರು ಹಿಡ್ಕೊಂಡು ಹೋದ್ರೆ ಅವ್ರ ಮನೆಯೋರು ನನ್ನ ಮನೆ ಮುಂದೆ ಬಂದು ಬಾಯಿ ಬಡ್ಕೋತಾರೆ ಸಾರ್."

"ಹಿಡಿಯಲ್ಲ. ಹಿಡಿಯಲ್ಲ ಅಂತಾನೇ ಕೂಗು."

ಕೈಗೆ ಒಂದು ಮೈಕು ಕೊಟ್ಟ. ಶನಿವಾರ ಓಣಿಗಳಲ್ಲಿ, ಸೋಮವಾರ ಸಂತೆಯಲ್ಲಿ ಅವಳು ಕೂಗುತ್ತ ತಿರುಗತೊಡಗಿದಳು. "ಪಾರ್ಕಿಗೆ ಬನ್ನಿ, ಮಕ್ಕಳನ್ನ ಕರ್ಕೊಂಡು ಬನ್ನಿ, ಕೂತ್ರೆ ಯಾರೂ ಹಿಡಿಯಲ್ಲ, ಅದು ನಿಮ್ದೇ ಜಾಗ."

ಸಂತೆಯಲ್ಲಿ ಟೊಮೇಟೊ ಮಾರುವವರು ನಗುತ್ತಿದ್ದರು. "ಬಂದ್ರೆ ನಿನ್ನ ಹಸುಗೆ ಹುಲ್ಲಾಯ್ತು. ನಮ್ಗೇನು ಸಿಗುತ್ತೆ?"

"ನಿಮ್ಗೂ ಹುಲ್ಲೇ. ನೀವು ಅದ್ರ ಮೇಲೆ ಕೂತ್ಕೊಳ್ಳಿ, ತಿನ್ನೋದನ್ನ ಅದಕ್ಕೇ ಬಿಡಿ."

ಒಬ್ಬಿಬ್ಬರು ಬಂದರು. ಅವರು ಕ್ಷೇಮವಾಗಿ ಮನೆಗೆ ಮರಳಿದ್ದನ್ನು ಕಂಡು ಹತ್ತಾರು ಜನ ಬಂದರು. ಮಳೆ ನಿಂತು ಬಿಸಿಲು ಬಿದ್ದಾಗ ಭಾನುವಾರಗಳಲ್ಲಿ ಹುಲ್ಲು ಕಾಣದಷ್ಟು ಜನ. ಅಜ್ಜಿಯರು ಕಾಲು ಚಾಚಿ ಕೂತು, ಈ ಊರಿನಲ್ಲಿ ಇಷ್ಟು ವರ್ಷ ಇದ್ದು ಇಲ್ಲಿಂದ ಬೆಟ್ಟ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ ಅಂದರು. ನಂಬೋಜೊಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಬಂದವರು ಚೀಲ ಹಾಕಲು ಅಲ್ಲಿ ಒಂದು ಡಬ್ಬಿಯೂ ಇರಲಿಲ್ಲ. ಕೇಳಿದಾಗ ಗಿದುಡು ಬರುತ್ತೆ, ಬರುತ್ತೆ ಅನ್ನುತ್ತಿದ್ದ.

ಸೋಮವಾರ ಸಂತೆಗೆ ಹೋಗಬೇಕಾದ್ದರಿಂದ ಆ ದಿನದ ಹುಲ್ಲನ್ನು ಖೈತ್ಸಾ ಕೊಯ್ದು ತಂದು ಹಾಕುತ್ತೇನೆಂದಳು. ಕೇಳದೆಯೇ ಅವಳಾಗಿ ಹೇಳಿದ್ದು. "ಹೊಟ್ಟೆಲಿರೋದು ನನ್ನ ಕರು ತಾನೇ. ಅದಕ್ಕೆ ಉಣ್ಸೋ ಭಾಗ್ಯ ನಂಗೂ ಇರ್ಲಿ." ಸೋಮವಾರದ ಹುಲ್ಲೆಂದರೆ ಭಾನುವಾರದ ಜನ ಕೂತೆದ್ದ ಹುಲ್ಲು.

ಒಮ್ಮೆ, ಸಂತೆಯಿಂದ ಬಂದ ಸಂಜೆ, ನಂಬೋಜೊ ಗೋದಲಿಯಲ್ಲಿ ಹುಲ್ಲಿನ ಜೊತೆ ಒಂದು ಚೀಲ ಕಂಡಳು. ಎಳೆದಳು. ಅದರ ಹಿಂದೆ ಇನ್ನೊಂದು ಬಂತು. ಎರಡನ್ನೂ ಒಲೆಗೆ ಹಾಕಿದಳು. ಮುಂದಿನ ಸೋಮವಾರ ಸಂತೆಗೆ ಹೊರಡುವ ಮೊದಲು ಹೇಳಬೇಕೆಂದುಕೊಂಡಳು. ಖೈತ್ಸಾ ಬೆನ್ನು ಬಾಗಿಸಿಕೊಂಡು ಹೊರೆ ಹೊತ್ತು ಬಂದದ್ದನ್ನು ನೋಡಿದ ಮೇಲೆ, ಕಣ್ಣು ಕಾಣದವಳೆಂದು ಅಂದಂತಾಗುತ್ತದೆ, ಇನ್ನು ಬರದೇ ಹೋದಾಳು, ಸಂಜೆ ನಾನೇ ನೋಡಿಕೊಂಡರಾಯಿತು ಎಂದು ಸುಮ್ಮನಾದಳು. ಕೆಲವು ಸಂಜೆ ನೋಡಿದಳು. ಕೂಗಿ ಕೂಗಿ ಗಂಟಲು ಹರಿದುಕೊಂಡು ಬಂದ ಸಂಜೆಗಳಲ್ಲಿ ನೋಡಲಿಲ್ಲ.

ಆ ಬೆಳಿಗ್ಗೆ ನಂಬೋಜೊ ಹೊರೆ ಕಟ್ಟಿ, ಸಿಂಬೆ ಇಟ್ಟು, ತಲೆಯ ಮೇಲೇರಿಸಿಕೊಂಡು ಮನೆಗೆ ಬಂದಾಗ ಖೈತ್ಸಾ ಕೊಟ್ಟಿಗೆಯಲ್ಲೇ ಇದ್ದಳು. ಮಲೇವಾ ಮಲಗಿತ್ತು. ಎಡಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಮೆಲುಕು ಇಲ್ಲ.

"ಏಳ್ತಿಲ್ಲ ತಂಗಿ" ಅಂದಳು ಖೈತ್ಸಾ. "ಎಣ್ಣೆ ಕುಡ್ಸಿದೆ. ಎಬ್ಬಿಸಿ ನಿಲ್ಸೋಣ ಅಂದ್ರೆ ನನ್ನ ಒಬ್ಬಳ ಕೈಲಿ ಆಗ್ತಿಲ್ಲ."

ಇಬ್ಬರೂ ಸೇರಿ ಎತ್ತಲು ನೋಡಿದರು. ಬಾಲ ಹಿಡಿದರು, ಕೊರಳಿಗೆ ಕೈ ಹಾಕಿದರು. ಪಶುವೈದ್ಯ ಬಂದು ಹೊಟ್ಟೆಗೆ ಸೂಜಿ ಚುಚ್ಚಿದ. ಗಾಳಿ ಹೋಯಿತು, ಭಾರ ಹೋಗಲಿಲ್ಲ. ಹೊತ್ತು ಮುಳುಗುವ ಮೊದಲೇ ಹಸು ಕುತ್ತಿಗೆ ಚಾಚಿ ಪ್ರಾಣ ಬಿಟ್ಟಿತು.

ಕಟುಕ ಬಂದು ಅಂಗಳದಲ್ಲೇ ಹೊಟ್ಟೆ ಬಗೆದ. ಒಳಗಿನಿಂದ ತೆಗೆದದ್ದನ್ನು ಎರಡು ಕೈಯಲ್ಲಿ ಹಿಡಿಯಲಾಗದೆ ನೆಲಕ್ಕೆ ಬಿಟ್ಟ. ಚೀಲಗಳು ಒಂದಕ್ಕೊಂದು ಹೊಸೆದುಕೊಂಡು, ಹುಲ್ಲು ಮೆತ್ತಿಕೊಂಡು, ಒದ್ದೆ ಹಗ್ಗದ ಸುರುಳಿಯ ಹಾಗೆ ಒಂದು ಮುದ್ದೆಯಾಗಿದ್ದವು. ಆಮೇಲೆ ಕರುವನ್ನು ತೆಗೆದ. ಮೈಮೇಲೆ ರೋಮ ಬಂದಿತ್ತು, ಅದೇ ಕಳಲೆಯ ಬಣ್ಣ. ಕಟುಕ ಅದರ ಹಿಂಗಾಲನ್ನು ಸರಿಸಿ ನೋಡಿ, "ಹೆಣ್ಣು" ಅಂದ.

ಖೈತ್ಸಾ ಮುಂದೆ ಬಂದು, ಕಾಣುವ ಕಣ್ಣನ್ನು ಹತ್ತಿರ ತಂದು, ಬಹಳ ಹೊತ್ತು ನೋಡಿದಳು.

ಸಂಘದವರು ಮಾವಿನ ಮರದಡಿ ಸೇರಿದರು. ಹಿರಿಯಳಾದ ನಮೋನೊ ಮಧ್ಯದಲ್ಲಿ ಕೂತಳು. ಆ ಮುದ್ದೆಯನ್ನು ಗೋಣಿಯಲ್ಲಿ ಹಾಕಿ ತಂದಿದ್ದರು. ನೊಣ ಮುತ್ತುತ್ತಿತ್ತು.

"ರೋಗ ಅಲ್ಲ ಅನ್ನೋದು ಎಲ್ರಿಗೂ ಕಾಣ್ತಿದೆ" ಅಂದಳು ನಮೋನೊ. "ನಂಬೋಜೊ, ನೀನು ಕರು ಕೊಡಬೇಕಾಗುತ್ತೆ. ಇಲ್ಲ ಬಾಳೆ ಬಿಡಬೇಕಾಗುತ್ತೆ. ನಿಂದೇನಾದ್ರೂ ಹೇಳೋದಿದ್ಯಾ?"

ನಂಬೋಜೊ ತನ್ನ ಬಾಳೆಯನ್ನು ನೆನೆದಳು. ಹಾಲು ಹೋಯಿತು. ಮನೆಯಲ್ಲಿ ಇನ್ನು ಬೇಯಿಸಲು ಉಳಿದದ್ದು ಆ ಬಾಳೆಕಾಯಿ ಒಂದೇ.

"ಸೋಮವಾರದ ಹುಲ್ಲು ನಾನು ಕೊಯ್ದಿದ್ದಲ್ಲ" ಅಂದಳು.

ಹೆಂಗಸರೆಲ್ಲ ಒಮ್ಮೆಗೇ ಖೈತ್ಸಾಳ ಕಡೆ ತಿರುಗಿದರು. ಖೈತ್ಸಾ ಅರ್ಥವಾಗದವಳ ಹಾಗೆ ಕೂತಿದ್ದಳು. ಆಮೇಲೆ ಅರ್ಥವಾಯಿತು. ಮುಖ ನಿಧಾನವಾಗಿ ಬದಲಾಯಿತು.

"ನಾನು ಹಾಕಿದ ಹುಲ್ಲಲ್ಲಿ ಚೀಲ ಇತ್ತಾ ತಂಗಿ? ನೀನು ಯಾವತ್ತಾದ್ರೂ ನೋಡಿದ್ಯಾ?"

"ಇಲ್ಲ" ಅಂದಳು ನಂಬೋಜೊ. "ನೋಡಿದ್ರೆ ಹೇಳ್ತಿರಲಿಲ್ವಾ ಅಕ್ಕಾ."

"ನೀನು ಹೇಳ್ತಿದ್ದೆ" ಅಂದಳು ಖೈತ್ಸಾ. "ಹೌದು, ಹೇಳ್ತಿದ್ದೆ."

ನಮೋನೊ ಗೋಣಿಯ ಬಾಯಿ ಕಟ್ಟಿಸಿದಳು. "ಕರುಗೆ ಕಾದವಳೇ ತಿನ್ಸಿದ್ದಾಳೆ ಅಂದ್ಮೇಲೆ ಯಾರು ಯಾರಿಗೆ ಕೊಡೋದು? ಇಲ್ಲಿಗೆ ಬಿಟ್ಬಿಡಿ. ನಂಬೋಜೊ ಮೇಲೆ ಸಾಲ ಇಲ್ಲ." ಸರದಿಯಲ್ಲಿ ಖೈತ್ಸಾಳ ಹೆಸರನ್ನು ಕೊನೆಗೆ ತಳ್ಳಿದರು. ಕಣ್ಣು ಕಾಣದವಳಿಗೆ ಹಸು ಯಾಕೆ ಎಂದು ಹಿಂದೆ ಕೂತ ಯಾರೋ ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು.

ನಂಬೋಜೊ ಕೂಗುವುದನ್ನು ಬಿಡಲಿಲ್ಲ, ಬಿಡುವಂತಿರಲಿಲ್ಲ. ಹಸು ಇಲ್ಲದಿದ್ದರೂ ಹುಲ್ಲು ಅವಳದೇ. ಹೊರೆ ಕಟ್ಟಿ ಬೇರೆಯವರ ಕೊಟ್ಟಿಗೆಗಳಿಗೆ ಮಾರತೊಡಗಿದಳು. ಖೈತ್ಸಾಳ ಓಣಿಯ ಮುಂದೆ ಬಂದಾಗ ಮೈಕನ್ನು ತಗ್ಗಿಸಿ, ಆ ಓಣಿ ದಾಟಿದ ಮೇಲೆ ಮತ್ತೆ ಎತ್ತುತ್ತಿದ್ದಳು.

ಮಳೆ ಬಿಡುವು ಕೊಟ್ಟ ಒಂದು ಭಾನುವಾರ ಖೈತ್ಸಾ ಉದ್ಯಾನಕ್ಕೆ ಬಂದಳು. ಕುಡುಗೋಲಿಲ್ಲದೆ ಬಂದದ್ದು ಅದೇ ಮೊದಲು. ಇಗರ್ಜಿಗೆ ಉಡುವ ಬಟ್ಟೆ ಉಟ್ಟಿದ್ದಳು. ಎಲ್ಲರ ಹಾಗೆ ಗೇಟಿನಲ್ಲಿ ಚಪಾತಿ ಕೊಂಡಳು, ಕೊಯ್ದ ಹುಲ್ಲಿನ ಮೇಲೆ ಬೆಟ್ಟದ ಕಡೆ ಮುಖ ಮಾಡಿ ಕೂತಳು, ನಿಧಾನವಾಗಿ ತಿಂದಳು. ನಂಬೋಜೊ ಕಾರಂಜಿಯ ಹತ್ತಿರ ಮೈಕು ಹಿಡಿದು ನಿಂತವಳು ಆಚೆ ಹೋಗಲೂ ಆಗದೆ, ಹತ್ತಿರ ಹೋಗಲೂ ಆಗದೆ ನೋಡುತ್ತಿದ್ದಳು.

ತಿಂದಾದ ಮೇಲೆ ಖೈತ್ಸಾ ನೆಲಕ್ಕೆ ಕೈಯೂರಿ ಎದ್ದಳು. ಮಕ್ಕಳನ್ನು ದಾಟಿಕೊಂಡು ನೇರವಾಗಿ ಇವಳ ಹತ್ತಿರ ಬಂದಳು. ಅಂಗೈಯಲ್ಲಿ ಖಾಲಿ ಚೀಲವಿತ್ತು. ಅದನ್ನು ಬಿಡಿಸಿ, ಇವಳ ಮುಖದ ಮುಂದೆ ಹಿಡಿದಳು.

"ನಂಗೆ ಚೆನ್ನಾಗಿ ಕಾಣಲ್ಲ, ಎಲ್ರೂ ಹೇಳಿದ್ದಾರೆ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನೋಡಿ ಹೇಳು. ಇದು ಚೀಲಾನೇ ಅಲ್ವಾ?"

ಸುತ್ತ ಮಕ್ಕಳ ಗಲಾಟೆ. ನಂಬೋಜೊ ಚೀಲ ನೋಡಿದಳು. ಅದರಾಚೆ ಪೊರೆ ಕಟ್ಟಿದ ಕಣ್ಣು, ಅದರ ಪಕ್ಕದ ಕಾಣುವ ಕಣ್ಣು.

"ಹೂಂ ಅಕ್ಕಾ" ಅಂದಳು. "ಚೀಲಾನೇ. ನೋಡಿದ್ದೆ ಅಕ್ಕಾ. ಗೋದಲಿಲಿ."

ಖೈತ್ಸಾ ತಲೆಯಾಡಿಸಿದಳು. ಚೀಲವನ್ನು ಮಡಿಸಿ ಇವಳ ಕೈಗೆ ಇಟ್ಟು, ಬೆರಳುಗಳನ್ನು ಅದರ ಮೇಲೆ ಮುಚ್ಚಿದಳು.

"ಕರು ಇದೆ ನಿನ್ನ ಮೇಲೆ" ಅಂದಳು. "ಸಂಘ ಮನ್ನಾ ಮಾಡಿರಬಹುದು. ನಾನು ಮಾಡಿಲ್ಲ."

ಹೇಳಿ ಗೇಟಿನ ಕಡೆ ನಡೆದಳು. ಅವಳ ಖಾಲಿ ಕೊಟ್ಟಿಗೆ ಇದ್ದದ್ದು ಅದೇ ದಾರಿಯಲ್ಲಿ. ನಂಬೋಜೊ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು, ಅದನ್ನು ಹಾಕಲು ಜಾಗ ಕಾಣದೆ ನಿಂತಳು.